ಕೊಬ್ಬರಿ ವಾಸನೆಯ ಹನ್ನೆರಡು ಬಾಟಲಿ

ಇದನ್ನು ನೀವು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ನಮ್ಮ ಕ್ಲಾಸಿನ ಇಪ್ಪತ್ತಾರು ಜನರಲ್ಲಿ ಒಬ್ಬರೂ ನಂಬಲಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ಅದರ ಹಿಂದಿನ ವಾರವಷ್ಟೇ ನಮ್ಮ ಮುತ್ತಜ್ಜ ಧಾರವಾಡದಲ್ಲಿ ಆನೆಯ ಮೇಲೆ ಕೂತು ಕಚೇರಿಗೆ ಹೋಗುತ್ತಿದ್ದ ಎಂದು ಹೇಳಿ, ಆನೆಗೆ ಪಾರ್ಕಿಂಗ್ ಎಲ್ಲಿ ಸಿಗುತ್ತಿತ್ತು ಎಂಬುದನ್ನೂ ವಿವರಿಸಿದ್ದೆ. ಎಳೆಯುವುದು ನನ್ನ ಸ್ವಭಾವ. ಒಂದು ಗೇಣಿನ ಸಂಗತಿ ನನ್ನ ಬಾಯಿಗೆ ಬಂದರೆ ಒಂದು ಮಾರು ಆಗಿ ಹೊರಗೆ ಹೋಗುತ್ತದೆ. ಆದರೆ ಇಲ್ಲಿ ಎಳೆದದ್ದು ಎಷ್ಟು, ಎಳೆಯದೆ ಉಳಿದದ್ದು ಎಷ್ಟು ಎಂದು ನಡುನಡುವೆ ನಾನೇ ಹೇಳುತ್ತಾ ಹೋಗುತ್ತೇನೆ. ಮೊದಲನೆಯದನ್ನು ಎಳೆಯದೆ ಹೇಳುತ್ತೇನೆ: ನಮ್ಮಪ್ಪನ ಮೂಗಿಗೆ ಸಂಬಳ ಬರುತ್ತಿತ್ತು.

ಇಂಗೋಲ್‌ಸ್ಟಾಟ್‌ನಲ್ಲಿ ಅಂದರೆ ಜರ್ಮನಿಯಲ್ಲಿ ನಾವಿರುವ ಕಾರು ಕಾರ್ಖಾನೆಯ ಊರಿನಲ್ಲಿ, ಯಾರ ಅಪ್ಪನನ್ನು ಕೇಳಿದರೂ ಕಾರಿನ ಯಾವುದೋ ಒಂದು ಭಾಗ ಅವರದು. ಒಬ್ಬರಪ್ಪ ಬ್ರೇಕು, ಒಬ್ಬರಪ್ಪ ಸಾಫ್ಟ್‌ವೇರು, ನನ್ನ ಪಕ್ಕದಲ್ಲಿ ಕೂರುವವಳ ಅಪ್ಪ ಬರೀ ಬಾಗಿಲಿನ ರಬ್ಬರು. ನಮ್ಮಪ್ಪ ವಾಸನೆ. ಕಾರಿನ ಸೀಟು, ಡ್ಯಾಶ್‌ಬೋರ್ಡು ಮಾಡುವ ಕಂಪನಿಯೊಂದರಲ್ಲಿ ಅವನು ಇಂಜಿನಿಯರ್. ಚರ್ಮದ ಚೂರನ್ನೋ ಪ್ಲಾಸ್ಟಿಕ್ಕನ್ನೋ ಗಾಜಿನ ಜಾಡಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಓವನ್ನಿನಲ್ಲಿ ಬಿಸಿ ಮಾಡುತ್ತಿದ್ದರು. ಆಮೇಲೆ ಐದು ಜನ ಸಾಲಾಗಿ ಬಂದು ಮುಚ್ಚಳ ಸರಿಸಿ ಮೂಸಿ ಮಾರ್ಕ್ಸು ಕೊಡಬೇಕು. ಇಲ್ಲಿನ ಶಾಲೆಯ ಹಾಗೆಯೇ, ಒಂದು ಎಂದರೆ ಉತ್ತಮ, ಆರು ಎಂದರೆ ಎತ್ತಿ ಬಿಸಾಕುವಂಥದ್ದು. ಆ ಐದು ಮೂಗುಗಳಲ್ಲಿ ನಮ್ಮಪ್ಪನದು ಮುಖ್ಯವಾದದ್ದು. ಅವನು ಆ ಮಾರ್ಕ್ಸಿನ ಚಟವನ್ನು ಮನೆಗೂ ತಂದಿದ್ದ. ಅವ್ವನ ಸಾರು ಒಂದು. ನನ್ನ ಸ್ಪೋರ್ಟ್ಸ್ ಸಾಕ್ಸು ಐದೂವರೆ. ಕನ್ನಡ ಸಂಘದ ಯುಗಾದಿಗೆ ಬಂದಿದ್ದ ಆಂಟಿಯೊಬ್ಬರ ಸೆಂಟಿಗೆ ಬಾಯಿ ಬಿಡದೆ ನನ್ನ ಕೈಯ ಮೇಲೆ ಬೆರಳಲ್ಲಿ ಆರು ಎಂದು ಬರೆದಿದ್ದ.

ಮೂಗಿನ ಕೆಲಸಕ್ಕೆ ಹೋಗುವವರು ಸೆಂಟು ಹಚ್ಚಬಾರದು, ಬೆಳ್ಳುಳ್ಳಿ ತಿನ್ನಬಾರದು. ಹಾಗಾಗಿ ನಮ್ಮ ಮನೆಯಲ್ಲಿ ಭಾನುವಾರ ಸಂಜೆಯಿಂದ ಗುರುವಾರದವರೆಗೆ ಬೆಳ್ಳುಳ್ಳಿ ಡಬ್ಬಿಗೆ ರಜೆ. ಶುಕ್ರವಾರ ಅಪ್ಪ ಕೆಲಸ ಮುಗಿಸಿ ಬರುವ ಹೊತ್ತಿಗೆ ಅವ್ವ ಒಂದು ಇಡೀ ಗಡ್ಡೆ ಜಜ್ಜಿ ಎಣ್ಣೆಗೆ ಹಾಕುತ್ತಿದ್ದಳು. ಝುಣಕ, ಶೇಂಗಾ ಚಟ್ನಿ, ಜೋಳದ ರೊಟ್ಟಿ. ಆ ವಾಸನೆ ಮೆಟ್ಟಿಲಿಳಿದು ನೆಲಮಹಡಿಯ ಫ್ರೌ ಹುಬರ್ ಅಜ್ಜಿಯ ಮನೆಯವರೆಗೆ ಹೋಗಿ, ಅವರು ವಾರವನ್ನು ಅದರಲ್ಲೇ ಲೆಕ್ಕ ಹಾಕುತ್ತಿದ್ದರು. ಕ್ಯಾಲೆಂಡರ್ ಕೊಳ್ಳುವುದನ್ನೇ ಬಿಟ್ಟರು ಎಂದರೆ ಎಳೆದಂತಾಗುತ್ತದೆ, ಆದರೆ ಶನಿವಾರ ಬೆಳಿಗ್ಗೆ ಸಿಕ್ಕಾಗ ಮೂಗು ಮುಟ್ಟಿಕೊಂಡು ನಗುತ್ತಿದ್ದದ್ದು ನಿಜ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ನನ್ನ ಕಣ್ಣಿಗೆ ಪಾತ್ರೆ ಒರೆಸುವ ಬಟ್ಟೆ ಕಟ್ಟಿ, ಮಸಾಲೆ ಡಬ್ಬಿಯ ಬಟ್ಟಲುಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಸಾಸಿವೆ, ಜೀರಿಗೆ, ಮೆಂತ್ಯ, ಇಂಗು. ಐದು ವರ್ಷಕ್ಕೇ ನಾನು ಒಂದೂ ತಪ್ಪುತ್ತಿರಲಿಲ್ಲ. ಶಾಲೆಯ ಪಾಠ ನನಗೆ ಜರ್ಮನ್‌ನಲ್ಲಿ, ಜಗಳವೂ ಜರ್ಮನ್‌ನಲ್ಲಿ. ವಾಸನೆ ಮಾತ್ರ ಕನ್ನಡದಲ್ಲಿ. ಈಗಲೂ ಯಾರಾದರೂ ಏನು ವಾಸನೆ ಎಂದರೆ ನನಗೆ ಜರ್ಮನ್ ಸಿಗುವುದಿಲ್ಲ.

ನನಗೆ ಆರು ವರ್ಷವಾಗಿದ್ದಾಗ ಸೀಟಿನ ಚರ್ಮದ ಕೆಲಸಕ್ಕೆಂದು ಅಪ್ಪನನ್ನು ಸ್ಪೇನಿಗೆ ಕಳಿಸಿದರು. ಬೇಸಿಗೆ ರಜೆ, ನಾವೂ ಕಾರಿನಲ್ಲಿ ಹೋದೆವು. ಅಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ತಾಯಿಯ ಮನೆ ರಿಯೋಹಾದಲ್ಲಿ, ತಲೆಮಾರುಗಳಿಂದ ವೈನು ಮಾಡುವ ಮನೆ. ಪಿಲಾರ್ ಅಜ್ಜಿ ಎಂದು ಆಮೇಲೆ ನಾವು ಕರೆದದ್ದು ಅವರನ್ನೇ. ಊಟ ಮುಗಿಸಿ ಅವರು ನಮ್ಮನ್ನು ನೆಲದಡಿಯ ಉಗ್ರಾಣಕ್ಕೆ ಇಳಿಸಿದರು. ಪೀಪಾಯಿಗಳು ಇಪ್ಪತ್ತು ಸಾವಿರ. ಸರಿ, ನೂರಿಪ್ಪತ್ತು. ಗೋಡೆಯೆಲ್ಲ ಕಪ್ಪು ಬೂಷ್ಟು, ಸೂರಿನಿಂದ ಜೇಡರ ಬಲೆಗಳು ಪರದೆಯ ಹಾಗೆ ಇಳಿಬಿದ್ದಿದ್ದವು. ಬಿರಡೆಗೆ ಬರುವ ಹುಳುವನ್ನು ಜೇಡ ತಿನ್ನುತ್ತದೆ, ಅದಕ್ಕೇ ಬಲೆ ತೆಗೆಯುವುದಿಲ್ಲ ಎಂದು ಅಜ್ಜಿ ಸ್ಪ್ಯಾನಿಷ್‌ನಲ್ಲಿ ಹೇಳಿದರು, ಅವರ ಮಗ ಜರ್ಮನ್ ಮಾಡಿದರು, ಅಪ್ಪ ಕನ್ನಡ ಮಾಡುವಷ್ಟರಲ್ಲಿ ಅವ್ವ ಸೆರಗನ್ನು ಮೂಗಿಗೆ ಹಿಡಿದು ಹೊರಟಾಗಿತ್ತು.

"ಇಷ್ಟ ದೊಡ್ಡ ಮನಿ ಐತಿ, ಒಂದ ಕಸಬರಗಿ ಇಲ್ಲೇನ್ರಿ ಇವರ ಕಡೆ? ನಾ ಮ್ಯಾಲ ಇರ್ತೀನಿ."

ಅವ್ವ ಅಂಗಳಕ್ಕೆ ಹೋದಳು. ಹಾಗಾಗಿ ಅಜ್ಜಿ ಆಮೇಲೆ ಹೇಳಿಕೊಟ್ಟದ್ದೇನೂ ಅವಳಿಗೆ ಗೊತ್ತಾಗಲಿಲ್ಲ. ಬಾಟಲಿ ಯಾವಾಗಲೂ ಮಲಗಿರಬೇಕು. ಮಲಗಿದ್ದರೆ ಒಳಗಿನ ವೈನು ಬಿರಡೆಯನ್ನು ಒದ್ದೆಯಾಗಿಡುತ್ತದೆ. ನಿಲ್ಲಿಸಿಟ್ಟರೆ ಬಿರಡೆ ಒಣಗಿ ಸಣ್ಣದಾಗಿ, ಗಾಳಿ ಹೊಕ್ಕು, ಎಲ್ಲ ಹುಳಿಯಾಗುತ್ತದೆ. ಕತ್ತಲಿರಬೇಕು, ತಂಪಿರಬೇಕು, ಸದ್ದಿರಬಾರದು. ನಾನು ಬೆರಳು ಮಡಿಚಿ ಮಡಿಚಿ ಬಾಯಿಪಾಠ ಮಾಡಿದೆ. ಅಪ್ಪ ಮಾತ್ರ ಕೇಳುತ್ತಿರಲಿಲ್ಲ. ಮೂಲೆಯ ಒಂದು ಪೀಪಾಯಿಯ ಮುಂದೆ ಬೇಟೆನಾಯಿಯ ಹಾಗೆ ನಿಂತುಬಿಟ್ಟಿದ್ದ. ಇದು ಕೆಡುತ್ತಿದೆ, ಐದು, ಎಂದ. ಅಜ್ಜಿ ನಕ್ಕರು. ಆಮೇಲೆ ತೆಗೆಸಿ ನೋಡಿದರು. ಆಮೇಲೆ ನಗಲಿಲ್ಲ. ಅಲ್ಲಿಯವರೆಗೆ ಒಂದು ಹನಿ ಮುಟ್ಟದ ನಮ್ಮಪ್ಪನ ಕೈಗೆ ಅವರು ಬೇರೊಂದು ಪೀಪಾಯಿಯಿಂದ ಒಂದು ಗ್ಲಾಸು ತುಂಬಿ ಕೊಟ್ಟರು. ಅವನು ಕುಡಿಯಲಿಲ್ಲ, ಕಾಲು ಗಂಟೆ ಬರೀ ಮೂಸಿದ. ಆಮೇಲೆ ಬಗ್ಗಿ ಗ್ಲಾಸನ್ನು ನನ್ನ ಮೂಗಿಗೆ ಹಿಡಿದ.

"ಹೇಳ ತಂಗಿ, ಏನ್ ಬರಾಕತ್ತೈತಿ?"

"ಕೊಬ್ಬರಿ," ಎಂದೆ. "ಒಣ ಕೊಬ್ಬರಿ."

ಅವನ ಕಣ್ಣಲ್ಲಿ ನೀರು ಬಂತು. ಅವನಿಗೂ ಅದೇ ಬಂದಿತ್ತು. ಅಮೆರಿಕದ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಆ ವಾಸನೆ ಇಳಿಯುತ್ತದಂತೆ. ಹೊರಡುವಾಗ ಪಿಲಾರ್ ಅಜ್ಜಿ ನಾನು ಹುಟ್ಟಿದ ವರ್ಷದ ಹನ್ನೆರಡು ಬಾಟಲಿಗಳನ್ನು ನಮ್ಮ ಕಾರಿನಲ್ಲಿ ಇಡಿಸಿದರು. ಏಳನೆಯ ಹುಟ್ಟುಹಬ್ಬದಿಂದ ವರ್ಷಕ್ಕೊಂದು ತೆಗೆಯಿರಿ, ಹದಿನೆಂಟಕ್ಕೆ ಕೊನೆಯದು, ಅದನ್ನು ಇವಳೂ ಕುಡಿಯಲಿ ಎಂದರು. ಎರಡು ದಿನದ ದಾರಿ, ಅವ್ವ ಒಂದು ಮಾತಾಡಲಿಲ್ಲ. ಹೊರಡುವ ಮುಂಚೆ ಅಂಗಳದಲ್ಲಿ ಯಾರೋ ಅವಳಿಗೆ ಹಳೆಯ ಪದ್ಧತಿಯನ್ನು ಕೈಸನ್ನೆಯಲ್ಲೇ ತಿಳಿಸಿಬಿಟ್ಟಿದ್ದರು: ವೈನು ತಿಳಿಯಾಗಲೆಂದು ಪೀಪಾಯಿಗೆ ಮೊಟ್ಟೆಯ ಬಿಳಿ ಹಾಕಿ ಕಲಕುತ್ತಾರೆ, ಅದು ಗಸಿಯನ್ನೆಲ್ಲ ಹಿಡಿದು ತಳಕ್ಕೆ ಇಳಿಯುತ್ತದೆ. ಮನೆ ಬಾಗಿಲಿಗೆ ಬಂದ ಮೇಲೆ ಅವ್ವ ಬಾಯಿ ಬಿಟ್ಟಳು.

"ಕುಡಿಯೋದು ಒಂದ ಕಡಿಗಿರ್ಲಿ. ತತ್ತಿ ಹಾಕಿದ್ದು ನನ್ನ ಮನಿಯಾಗ ಬ್ಯಾಡ್ರಿ. ಕೆಳಗ ಏನರ ಮಾಡ್ಕೋರಿ."

ಕೆಳಗೆ ಎಂದರೆ ಕೆಲ್ಲರ್. ಇಲ್ಲಿ ಪ್ರತಿ ಕಟ್ಟಡದ ನೆಲದಡಿ ಮನೆಗೊಂದರಂತೆ ಮರದ ಪಟ್ಟಿ ಹೊಡೆದ ಗೂಡು ಇರುತ್ತದೆ. ನಮ್ಮದು ಅರಮನೆಯಷ್ಟು, ಅಂದರೆ ಆರು ಚದರ ಮೀಟರ್. ಅದರಲ್ಲಿ ಚಳಿಗಾಲದ ಟಯರುಗಳು, ಸೂಟ್‌ಕೇಸುಗಳು, ಜೋಳದ ಹಿಟ್ಟಿನ ಚೀಲ, ಅವ್ವನ ಉಪ್ಪಿನಕಾಯಿ ಜಾಡಿಗಳು. ಅಪ್ಪ ಹಳೆಯ ಚಪ್ಪಲಿ ರ‍್ಯಾಕೊಂದನ್ನು ಉಜ್ಜಿ ತೊಳೆದು ಹನ್ನೆರಡನ್ನೂ ಅದರಲ್ಲಿ ಮಲಗಿಸಿದ. ಅವ್ವನ ಲೆಕ್ಕದಲ್ಲಿ ಕೆಲ್ಲರ್ ಮನೆಯಲ್ಲ, ಹಾಗಾಗಿ ದೇವರಿಗೂ ಅಲ್ಲಿ ಅಧಿಕಾರವಿರಲಿಲ್ಲ. ಜೂನ್ ತಿಂಗಳಲ್ಲಿ ನನ್ನ ಹುಟ್ಟುಹಬ್ಬದ ದಿನ ಸಂಜೆ ನಾಲ್ಕಕ್ಕೆ, ಮೊಟ್ಟೆಯಿಲ್ಲದ ಕೇಕು ಕತ್ತರಿಸುವ ಮುಂಚೆ, ನಾನೂ ಅಪ್ಪನೂ ಇಳಿಯುತ್ತಿದ್ದೆವು. ಪೇಪರಿನಲ್ಲಿ ಸುತ್ತಿಟ್ಟ ಒಂದೇ ಒಂದು ಗ್ಲಾಸು. ಮೊದಲು ಅವನು ಕಣ್ಣು ಮುಚ್ಚಿ ಮೂಸುವುದು, ಆಮೇಲೆ ನಾನು. ನಾಲಿಗೆಗೆ ಹದಿನೆಂಟಾಗಬೇಕು, ಮೂಗಿಗೆ ಏಳು ಸಾಕು ಎಂಬುದು ಅವನ ಕಾನೂನು. ನಾನು ಹೇಳಬೇಕು, ಅವನು ಒಪ್ಪಬೇಕು. ಎಂಟಕ್ಕೆ ಕೊಬ್ಬರಿಯ ಜೊತೆ ಚೆರ‍್ರಿ ಇತ್ತು, ಹತ್ತಕ್ಕೆ ಬೆಲ್ಲದ ಡಬ್ಬಿಯ ಮುಚ್ಚಳ, ಹನ್ನೊಂದಕ್ಕೆ ಅಂಜೂರ ಮತ್ತು ಅಜ್ಜನ ಚರ್ಮದ ಚಪ್ಪಲಿ. ಅದು ನನ್ನ ಜೊತೆಗೇ ಬೆಳೆಯುತ್ತಿದೆ ಎಂದು ಅಪ್ಪ ಹೇಳುತ್ತಿದ್ದ. ಆ ಕೆಲ್ಲರ್‌ನ ದೀಪ ಮೂರು ನಿಮಿಷಕ್ಕೊಮ್ಮೆ ತಾನಾಗಿ ಆರುತ್ತದೆ, ಗುಂಡಿ ಒತ್ತುವ ಕೆಲಸ ನನ್ನದು. ಒಂದು ಗ್ಲಾಸನ್ನು ಅವನು ಇಪ್ಪತ್ತು ಸಲ ಗುಂಡಿ ಒತ್ತುವಷ್ಟು ಹೊತ್ತು ಕುಡಿಯುತ್ತಿದ್ದ. ಉಳಿದ ಬಾಟಲಿಯನ್ನು ನಾನು ಫ್ರೌ ಹುಬರ್ ಅಜ್ಜಿಗೆ ಕೊಟ್ಟು ಬರಬೇಕು. ಅವರಿಗೆ ನನ್ನ ಹುಟ್ಟುಹಬ್ಬ ನನಗಿಂತ ಚೆನ್ನಾಗಿ ನೆನಪಿರುತ್ತಿತ್ತು. ಅಪ್ಪ ಏಲಕ್ಕಿ ಅಗಿಯುತ್ತಾ ಮೇಲೆ ಬಂದರೆ, ಅವ್ವ ಬಾಗಿಲಲ್ಲೇ ಮುಖ ತಿರುಗಿಸಿ, ಏಲಕ್ಕಿ ಕಡಿಮೆಯಾಗಿದೆ ಎನ್ನುತ್ತಿದ್ದಳು. ಆ ಮನೆಯಲ್ಲಿ ಮೂಗು ಅಪ್ಪನಿಗೊಬ್ಬನಿಗೇ ಇದ್ದದ್ದಲ್ಲ.

ಹೀಗೆ ಆರು ಬಾಟಲಿ ಮುಗಿದವು, ಆರು ಉಳಿದವು. ಆ ಚಳಿಗಾಲದಲ್ಲಿ ಅಪ್ಪನಿಗೆ ಕೊರೊನಾ ಬಂತು. ಇಲ್ಲಿ ಎಳೆಯಲು ನನ್ನಿಂದ ಆಗುವುದಿಲ್ಲ, ಎಷ್ಟಿತ್ತೋ ಅಷ್ಟೇ ಹೇಳುತ್ತೇನೆ. ಮೂರು ವಾರ ಆಸ್ಪತ್ರೆ. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಒಬ್ಬ ನರ್ಸು ದಿನಕ್ಕೊಮ್ಮೆ ಫೋನಿನಲ್ಲಿ ತೋರಿಸುತ್ತಿದ್ದರು. ಅಪ್ಪನನ್ನು ಬೋರಲು ಮಲಗಿಸಿದ್ದರು, ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ. ಅವ್ವ ಆ ಬೆನ್ನಿನ ಜೊತೆ ಮಾತಾಡುತ್ತಿದ್ದಳು. ಒಂದು ಮಧ್ಯಾಹ್ನ ಹಿಟ್ಟು ಮುಗಿದಿತ್ತು. ಕೆಲ್ಲರ್‌ಗೆ ಒಬ್ಬಳೇ ಹೋಗಲು ಅವ್ವನಿಗೆ ಭಯ, ನನ್ನನ್ನು ಕರೆದುಕೊಂಡು ಹೋದಳು. ಹಿಟ್ಟಿನ ಚೀಲಕ್ಕೆ ಕೈ ಹಾಕಿದವಳು ರ‍್ಯಾಕಿನ ಕಡೆ ನೋಡಿ ಹಾಗೇ ನಿಂತಳು.

"ಇವ್ಯಾಕ ಹಿಂಗ ಮಲಗ್ಯಾವ?"

ನಾನು ಹೋಗಿ ದೀಪದ ಗುಂಡಿ ಒತ್ತಿ ಬಂದೆ.

"ಎಬ್ಬಸೋಣ ಬಾ. ಮಲಗಿದವರು ಒಬ್ಬರ ಸಾಕು."

ಬಿರಡೆ, ಒದ್ದೆ, ತಂಪು, ಎಲ್ಲ ನನಗೆ ಬೆರಳ ತುದಿಯಲ್ಲಿತ್ತು. ಗೊತ್ತಿದ್ದದ್ದನ್ನು ಹೇಳದೆ ಬಿಟ್ಟ ದಿನ ನನ್ನ ಜನ್ಮದಲ್ಲಿ ಇರಲಿಲ್ಲ, ಗೊತ್ತಿಲ್ಲದ್ದನ್ನೂ ಬಿಟ್ಟವಳಲ್ಲ. ಆದರೆ ಅವ್ವ ಆಗಲೇ ಮೊದಲನೆಯದನ್ನು ಎದೆಗೊತ್ತಿ ಹಿಡಿದಿದ್ದಳು, ಅವತ್ತು ನಾನು ಹೇಳಲಿಲ್ಲ. ಅವಳು ಒಂದೊಂದನ್ನೇ ಎತ್ತಿ, ಸೆರಗಿನಿಂದ ಧೂಳು ಒರೆಸಿ, ಗೋಡೆಗುಂಟ ಹೋಗುವ, ಚಳಿಗೆ ಮನೆ ಕಾಯಿಸುವ ಹೈಟ್ಸುಂಗ್ ಪೈಪಿನ ಪಕ್ಕದ ಹಲಗೆಯ ಮೇಲೆ, ಬೆಚ್ಚಗಿರಲಿ ಎಂದು, ಉಪ್ಪಿನಕಾಯಿ ಜಾಡಿಗಳನ್ನು ಇಡುವ ಹಾಗೆ ನೆಟ್ಟಗೆ ನಿಲ್ಲಿಸಿದಳು. ಮೇಲೆ ಹೋಗಿ ಹಳೆಯ ಇಳಕಲ್ ಸೀರೆಯೊಂದನ್ನು ಹರಿದು ತಂದು ಆರಕ್ಕೂ ಸುತ್ತಿದಳು. ನಾನು ದೀಪದ ಗುಂಡಿ ಒತ್ತುತ್ತಾ ನಿಂತೆ. ಹದಿಮೂರನೆಯ ದಿನಕ್ಕೋ ಹದಿನಾಲ್ಕಕ್ಕೋ ಅಪ್ಪನ ಉಸಿರು ಸುಧಾರಿಸಿತು. ತಾನು ಎಬ್ಬಿಸಿದ್ದಕ್ಕೇ ಅವನು ಎದ್ದ ಎಂದು ಅವ್ವ ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅವಳು ಹಾಗೆ ನಂಬಿದ್ದಳು, ಅದು ನನಗೆ ಗೊತ್ತಿತ್ತು.

ಅಪ್ಪ ಮನೆಗೆ ಬಂದ, ಮೂಗು ಬರಲಿಲ್ಲ. ಹಾಲು ಉಕ್ಕಿ ತಳ ಹಿಡಿದು ಮನೆಯೆಲ್ಲ ಹೊಗೆಯಾದರೂ ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಎಲ್ಲ ಸರಿಹೋಗುತ್ತಿದೆ, ದಿನದಿನಕ್ಕೂ ಬರುತ್ತಿದೆ ಎಂದು ಮಾತ್ರ ಹೇಳುತ್ತಿದ್ದ. ಒಂದು ಭಾನುವಾರ ಅವನೇ ತನ್ನ ಕಣ್ಣಿಗೆ ಬಟ್ಟೆ ಕಟ್ಟಲು ಹೇಳಿ, ಮಸಾಲೆ ಡಬ್ಬಿ ತರಿಸಿದ. ಅವ್ವ ಎದುರಿಗೆ ಕೂತಳು. ನಾನು ಬಟ್ಟಲು ಹಿಡಿದೆ. ಸಾಸಿವೆ ಎಂದ, ಸರಿ. ಅರಿಸಿನ ಎಂದ, ಸರಿ. ಅವ್ವನ ಮುಖ ಅರಳಿತು. ಆದರೆ ಅವ್ವ ಬಟ್ಟಲುಗಳನ್ನು ಹುಟ್ಟಿದಾಗಿನಿಂದ ಒಂದೇ ಸರದಿಯಲ್ಲಿ ಇಡುವವಳು. ನನಗೋ ಕಿತಾಪತಿ, ನಗಿಸೋಣ ಎಂದು ಜೀರಿಗೆ ಇರಬೇಕಾದ ಕಡೆ ಮೆಂತ್ಯ ಇಟ್ಟುಬಿಟ್ಟೆ. ಅಪ್ಪ ಉದ್ದಕ್ಕೆ ಉಸಿರೆಳೆದು, ಜೀರಿಗೆ ಎಂದ. ಯಾರೂ ನಗಲಿಲ್ಲ. ಮರುದಿನ ಸೋಮವಾರ. ನಾನು ಶಾಲೆಯಿಂದ ಬಂದಾಗ ಮೆಟ್ಟಿಲಲ್ಲೆಲ್ಲ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಫ್ರೌ ಹುಬರ್ ಅಜ್ಜಿ ಬಾಗಿಲು ತೆರೆದು, ಇವತ್ತು ಶುಕ್ರವಾರವೇ ಎಂದು ಕೇಳಿದರು. ಮೇಲೆ ಅವ್ವ ಒಲೆಯ ಮುಂದೆ ನಿಂತು ಅಳುತ್ತಿದ್ದಳು. ಕಂಪನಿಯವರು ಅಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ, ಜಾಡಿಗಳಿಂದ ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಉಳಿದ ನಾಲ್ಕು ಮೂಗುಗಳು ಕೊಟ್ಟ ಮಾರ್ಕ್ಸನ್ನು ಅವನು ತುಂಬಬೇಕು. ಊಟಕ್ಕೆ ಕೂತರೆ ಒಂದು ಮಾತಿಲ್ಲ. ಯಾವುದಕ್ಕೂ ಮಾರ್ಕ್ಸಿಲ್ಲ. ರುಚಿಯೆಂಬುದು ಹೆಚ್ಚುಕಮ್ಮಿ ಮೂಗಿನದೇ ಕೆಲಸ ಎಂದು ಡಾಕ್ಟರು ಹೇಳಿದ್ದನ್ನು ಕೇಳಿ, ಅವನ ನಾಲಿಗೆಯೂ ಸತ್ತಿದೆ ಎಂದು ನಾನು ತೀರ್ಮಾನಿಸಿದೆ.

ಮೆಟ್ಟಿಲಿಳಿಯುವಷ್ಟು ಉಸಿರು ಅವನಿಗೆ ಬಂದದ್ದು ನನ್ನ ಹದಿಮೂರನೆಯ ಹುಟ್ಟುಹಬ್ಬಕ್ಕೆ. ರ‍್ಯಾಕು ಖಾಲಿ. ಪೈಪಿನ ಪಕ್ಕ ಆರು ಬಾಟಲಿಗಳು ಸೀರೆ ಉಟ್ಟುಕೊಂಡು ನಿಂತಿದ್ದವು. ಅಪ್ಪ ಪೈಪನ್ನು ಮುಟ್ಟಿದ. ಬೇಸಿಗೆ, ತಣ್ಣಗಿತ್ತು; ಆದರೆ ಇಡೀ ಚಳಿಗಾಲ ಅದು ಎಷ್ಟು ಕಾಯುತ್ತದೆ ಎಂದು ಅವನಿಗೆ ಗೊತ್ತು. ಯಾರು ನಿಲ್ಲಿಸಿದರು ಎಂದು ಕೇಳಿದ. ಅವ್ವ, ನೀನು ಆಸ್ಪತ್ರೆಯಲ್ಲಿದ್ದಾಗ, ಎಂದೆ. ಅವನು ಸೀರೆಯ ಅಂಚನ್ನು ಬಹಳ ಹೊತ್ತು ಬೆರಳಲ್ಲಿ ಹಿಡಿದುಕೊಂಡಿದ್ದ. ಮಲಗಿಸಿಬಿಡಲೇ ಎಂದೆ.

"ಬ್ಯಾಡ. ಹಂಗ ಇರ್ಲಿ. ಮಲಗಿಸಿದ್ರ ನಿಮ್ಮವ್ವ ಯಾಕಂತ ಕೇಳ್ತಾಳ."

ಬಿರಡೆ ಎಳೆದರೆ ಎದುರಾಡದೆ ಬಂತು, ಪುಡಿಪುಡಿ. ಗ್ಲಾಸಿಗೆ ಹಾಕಿದ. ಬಣ್ಣ ಇಟ್ಟಿಗೆ ಪುಡಿಯ ನೀರಿನ ಹಾಗಿತ್ತು. ಅಭ್ಯಾಸಬಲದಿಂದ ಮೊದಲು ತಾನೇ ಮೂಸಿದ, ಮೂಸಿ ಅಲ್ಲೇ ನಿಂತ, ಆಮೇಲೆ ನನಗೆ ಕೊಟ್ಟ. ಗ್ಲಾಸು ಮೂಗಿಗೆ ಬರುವ ಮುಂಚೆಯೇ ನನ್ನ ಕಣ್ಣು ಉರಿಯಿತು. ಹುಳಿ. ಉಗುರಿನ ಬಣ್ಣ ಒರೆಸುವ ನೀರಿನಂಥ ಘಾಟು. ಅದರ ಹಿಂದೆ ಏನಾದರೂ ಉಳಿದಿದೆಯೇ ಎಂದು ಹುಡುಕಿದೆ, ಇರಲಿಲ್ಲ.

"ಹೇಳ ತಂಗಿ. ನನಗೇನೂ ಬರಾಂಗಿಲ್ಲ. ಏನ್ ಬರಾಕತ್ತೈತಿ?"

ಏನೂ ಬರುವುದಿಲ್ಲ ಎಂದು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ನನಗೊಬ್ಬಳಿಗೆ.

"ಕೊಬ್ಬರಿ," ಎಂದೆ.

ಒಮ್ಮೆ ಬಾಯಿಗೆ ಬಂದ ಮೇಲೆ ನನ್ನನ್ನು ತಡೆಯುವವರು ಯಾರು? ಒಣ ಕೊಬ್ಬರಿ ಎಂದೆ, ಟ್ರಂಕಿನಲ್ಲಿ ಇಟ್ಟಿದ್ದು ಎಂದೆ, ಅದರ ಪಕ್ಕದಲ್ಲಿ ಬೆಲ್ಲ, ಬೆಲ್ಲಕ್ಕೆ ಒಂದು ಇರುವೆ ಹತ್ತಿದೆ, ಆ ಇರುವೆ ಅಜ್ಜನ ಚಪ್ಪಲಿಯ ಕಡೆ ನಡೆದುಹೋಗುತ್ತಿದೆ ಎಂದೆ. ಅಪ್ಪ ಆ ಆರು ತಿಂಗಳಲ್ಲಿ ಮೊದಲ ಸಲ ನಕ್ಕ. ಕಣ್ಣು ಮುಚ್ಚಿ ಕುಡಿದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಹೌದು, ಚಪ್ಪಲಿ, ಎಂದ. ಇಪ್ಪತ್ತು ಸಲ ನಾನು ಗುಂಡಿ ಒತ್ತಿದೆ, ಪೂರ್ತಿ ಗ್ಲಾಸು ಮುಗಿಸಿದ. ಉಳಿದದ್ದನ್ನು ಫ್ರೌ ಹುಬರ್ ಅಜ್ಜಿಗೆ ಒಯ್ದೆ. ಅವರು ಒಂದು ಗುಟುಕು ಕುಡಿದು ಸಿಂಕಿನ ಕಡೆ ಓಡಿದ್ದನ್ನು ಬೇರೆ ಯಾವಾಗಲಾದರೂ ಅಭಿನಯಿಸಿ ತೋರಿಸುತ್ತೇನೆ. ಆಮೇಲೆ, ಕುಡಿಯಲು ಬಾರದು, ಬ್ಲೌಕ್ರೌಟ್ ಎಂಬ ಕೆಂಪು ಕೋಸಿನ ಪಲ್ಯಕ್ಕೆ ಹುಳಿಯಾಗಿ ಹಾಕಬಹುದು ಎಂದು ಇಟ್ಟುಕೊಂಡರು. ನಮ್ಮಪ್ಪನಿಗೆ ಮಾತ್ರ ಹೇಳಬೇಡಿ ಎಂದು ಅವರಿಂದ ಮಾತು ತೆಗೆದುಕೊಂಡೆ. ನನ್ನ ಜಾಣತನ ಅಲ್ಲಿಗೇ ನಿಂತಿತು. ಅವ್ವನಿಗೂ ಹೇಳಬೇಡಿ ಎನ್ನಲು ಮರೆತಿದ್ದೆ.

ಅಪ್ಪ ಹದಿನಾಲ್ಕನೆಯ ಹುಟ್ಟುಹಬ್ಬದವರೆಗೆ ಕಾಯಲಿಲ್ಲ. ಎರಡು ತಿಂಗಳಿಗೇ, ಪಂಚಮಿಯ ದಿನ ಉಂಡಿ ತಿಂದು, ಕೆಳಗೆ ಹೋಗೋಣವೇ ಎಂದ. ಆಮೇಲೆ ಚೌತಿಗೆ, ಆಮೇಲೆ ದಸರೆಗೆ. ಪ್ರತಿ ಬಾಟಲಿಯೂ ಹುಳಿ, ಹಿಂದಿನದಕ್ಕಿಂತ ಹುಳಿ. ನಾನೂ ಹಿಂದಿನದಕ್ಕಿಂತ ಚೆನ್ನಾಗಿ ಹೇಳುತ್ತಿದ್ದೆ. ಒಂದು ವಾರ ಮೊದಲೇ ತಯಾರಿ ನಡೆಯುತ್ತಿತ್ತು. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ವಾಸನೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೆ: ವಿಭೂತಿ ಗಟ್ಟಿ, ಹೊಸ ಕೊಡೆ, ಅವ್ವನ ಸೀರೆಯ ಟ್ರಂಕು, ಪಿಲಾರ್ ಅಜ್ಜಿಯ ಅಡುಗೆಮನೆಯ ಮೇಜು. ನಾನು ಹೇಳಿದ ಮೇಲೆ ಅಪ್ಪ ಮೇಲೆ ಬಂದು ಊಟದಲ್ಲಿ ಒಂದೆರಡು ಮಾತಾಡುತ್ತಿದ್ದ, ಒಮ್ಮೆ ಅವ್ವನ ಹೋಳಿಗೆಗೆ ಒಂದು ಎಂದು ಮಾರ್ಕ್ಸೂ ಕೊಟ್ಟ. ವಾಸನೆ ಬರದವನು ಹೇಗೆ ಕೊಟ್ಟ ಎಂದು ಅವ್ವ ಕೇಳಲಿಲ್ಲ, ಇನ್ನೊಂದು ಬಡಿಸಿದಳು. ಹುಟ್ಟಿದಾಗಿನಿಂದ ನಾನು ಎಳೆದದ್ದೆಲ್ಲ ಬರೀ ಅಭ್ಯಾಸ, ನನ್ನನ್ನು ದೇವರು ಹುಟ್ಟಿಸಿದ್ದು ಈ ಕೆಲಸಕ್ಕೇ ಎಂದು ನನಗೆ ಖಾತ್ರಿಯಾಗಿತ್ತು. ಎರಡೇ ಬಾಟಲಿ ಉಳಿದಾಗ ಮಾತ್ರ ಹೆದರಿಕೆಯಾಯಿತು. ಬಾಟಲಿ ಮುಗಿದ ಮೇಲೆ ಅಪ್ಪನಿಗೆ ನಾನು ಏನನ್ನು ಮೂಸಿ ಹೇಳಲಿ?

ದೀಪಾವಳಿಯ ಪಾಡ್ಯದ ಮಧ್ಯಾಹ್ನ ಐದನೆಯದನ್ನು ತೆಗೆದೆವು. ಅವ್ವ ಮೇಲೆ ಚಕ್ಕುಲಿ ಕರಿಯುತ್ತಿದ್ದಳು. ಪೈಪು ಮತ್ತೆ ಬಿಸಿಯಾಗಿತ್ತು. ಅಪ್ಪ ಟಯರಿನ ಮೇಲೆ ಕೂತು, ಕಣ್ಣು ಮುಚ್ಚಿ, ಅರ್ಧ ಗ್ಲಾಸು ಮುಗಿಸಿದ್ದ. ನಾನು ಸೂಟ್‌ಕೇಸಿನ ಮೇಲೆ ನಿಂತಿದ್ದೆ, ಯಾಕೆಂದರೆ ಅವತ್ತಿನದು ದೊಡ್ಡದಿತ್ತು. ಕೊಬ್ಬರಿಯಿಂದ ಹೊರಟು, ನಾನು ನೋಡೇ ಇರದ ಅವರ ಮದುವೆಯ ಚಪ್ಪರದ ವಾಸನೆಗೆ ಬಂದಿದ್ದೆ. ಬಾಳೆಕಂಬ ಹೇಳಿದೆ, ಅಕ್ಷತೆಯ ಅರಿಸಿನ ಹೇಳಿದೆ. ಮತ್ತ, ಎಂದ ಅಪ್ಪ. ಅಷ್ಟರಲ್ಲಿ ದೀಪ ಹೋಯಿತು. ನಾನು ಇಳಿದು ಗುಂಡಿ ಒತ್ತುವ ಮುಂಚೆಯೇ ದೀಪ ಬಂತು. ಪಟ್ಟಿಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಆ ಚಳಿಗಾಲದ ನಂತರ ಅವಳು ಕೆಳಗೆ ಇಳಿದಿರಲೇ ಇಲ್ಲ, ಹಿಟ್ಟು ತರುವುದು ನನ್ನ ಕೆಲಸವಾಗಿತ್ತು. ಅವಳ ಕೈಯಲ್ಲಿ ನೇರಳೆ ಬಣ್ಣದ ಪಲ್ಯ ತುಂಬಿದ ಗಾಜಿನ ಜಾಡಿಯಿತ್ತು.

"ಹುಬರ್ ಅಜ್ಜಿಗೆ ಚಕ್ಕಲಿ ಕೊಡಾಕ ಹೋಗಿದ್ದೆ. ಇದನ್ನ ಕೊಟ್ರು. ನಿಮ್ಮ ಎಸ್ಸಿಗ್ ಹಾಕಿದ್ದು, ಭಾಳ ಚಲೋ ಆಗೈತಿ ಅಂದ್ರು. ನಾಕ ಬಾಟ್ಲಿ ಕೊಟ್ಟೀರಂತ."

ಎಸ್ಸಿಗ್ ಎಂದರೆ ವಿನೆಗರ್. ಅವ್ವ ಜರ್ಮನ್ ಪರೀಕ್ಷೆಗೆ ಮೂರು ಸಲ ಕೂತವಳು, ಅಡುಗೆಮನೆಯ ಪದಗಳನ್ನು ಒಂದು ಸಲವೂ ತಪ್ಪಿದವಳಲ್ಲ. ಅವಳು ಜಾಡಿಯನ್ನು ಹಿಟ್ಟಿನ ಚೀಲದ ಮೇಲಿಟ್ಟು, ಅಪ್ಪನ ಕೈಯಿಂದ ಗ್ಲಾಸು ತೆಗೆದುಕೊಂಡಳು. ಮೂಗಿನವರೆಗೆ ಎತ್ತಲೂ ಇಲ್ಲ. ಹಲಗೆಯ ಮೇಲೆ ಒಂದೇ ಬಾಟಲಿ ಸೀರೆ ಸುತ್ತಿಕೊಂಡು ನಿಂತಿತ್ತು. ಅದನ್ನು ನೋಡಿದಳು, ಪೈಪನ್ನು ನೋಡಿದಳು, ಮೂಲೆಯಲ್ಲಿ ಖಾಲಿ ಬಿದ್ದಿದ್ದ ರ‍್ಯಾಕನ್ನು ನೋಡಿದಳು.

"ನಾ ನಿಲ್ಲಿಸಿದ್ದಕ್ಕ ಹಿಂಗಾತೇನು?"

ಅಪ್ಪ ಬಾಯಿ ತೆರೆಯುವ ಮುಂಚೆ ನಾನು ಶುರು ಮಾಡಿದೆ. ಇದೊಂದೇ ಕೆಟ್ಟದ್ದು ಎಂದೆ, ಸ್ಪೇನಿನಲ್ಲೇ ಬಿರಡೆ ಸರಿಯಿರಲಿಲ್ಲ ಎಂದೆ, ಫ್ರೌ ಹುಬರ್‌ಗೆ ವಯಸ್ಸಾಯಿತು ಎಂದೆ. ಬೇಗ ಬೇಗ ಬರಲಿ ಎಂದು ಜರ್ಮನ್‌ನಲ್ಲಿ ಹೇಳಿದೆ. ಅವ್ವ ನನ್ನ ಕಡೆ ನೋಡಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

"ನಿಮಗ ಗೊತ್ತಿತ್ತು."

"ನನಗೆಲ್ಲಿ ವಾಸನಿ ಬರ್ತೈತಿ."

"ವಾಸನಿ ಬಿಡ್ರಿ. ಹುಳಿ ನಾಲಿಗಿಗೆ ತಿಳಿತೈತಿ. ಮೊನ್ನೆ ಸಾರಿಗೆ ಹುಣಸಿ ಹೆಚ್ಚಾಗೈತಿ ಅಂದ್ರಲ್ಲ."

ಹೌದು, ಅಂದಿದ್ದ. ನಾನೂ ಎದುರಿಗೇ ಕೂತಿದ್ದೆ. ಏನೋ ಹೇಳುತ್ತಿದ್ದೆ, ಕೇಳಿಸಿಕೊಂಡಿರಲಿಲ್ಲ. ಐದು ಬಾಟಲಿ, ಒಂದೊಂದಕ್ಕೂ ಒಂದು ಗಂಟೆ, ತುಟಿಯನ್ನೂ ಮುರಿಯದೆ ಅವನು ವಿನೆಗರ್ ಕುಡಿದಿದ್ದ. ನನಗೆ ಸೂಟ್‌ಕೇಸಿನ ಮೇಲಿಂದ ಇಳಿಯಲೂ ಆಗಲಿಲ್ಲ. ಅಪ್ಪ ತಲೆ ತಗ್ಗಿಸಿ ತನ್ನ ಖಾಲಿ ಕೈ ನೋಡಿಕೊಂಡ.

"ತಂಗಿ ಹೇಳಾಕತ್ತಿದ್ಲು," ಎಂದ. "ಕೇಳಾಕ ಚಲೋ ಅನಸ್ತಿತ್ತು."

ಅವ್ವ ಗ್ಲಾಸನ್ನು ನನ್ನ ಕೈಗೆ ಕೊಟ್ಟಳು. ಸಿಟ್ಟಿನಿಂದಲ್ಲ. ಮಗುವಿನ ಕೈಗೆ ಬಟ್ಟಲು ಕೊಡುವ ಹಾಗೆ, ಬೆರಳು ಸರಿಯಾಗಿ ಹಿಡಿದಿವೆಯೇ ಎಂದು ನೋಡಿ ಕೊಟ್ಟಳು.

"ಹೇಳು. ಖರೇ ಏನೈತಿ ಅಂತ ನಿಮ್ಮಪ್ಪಗ ಹೇಳು."

ನಾನು ಮೂಸಿದೆ. ಬೇಕಾಗಿರಲಿಲ್ಲ, ಆದರೂ ಮೂಸಿದೆ, ಅವನು ಕಲಿಸಿದ ಹಾಗೆ, ಕಣ್ಣು ಮುಚ್ಚಿ.

"ಹುಳಿ, ಅಪ್ಪಾ," ಎಂದೆ. "ಬರೇ ಹುಳಿ."

ಅಪ್ಪ ತಲೆ ಎತ್ತಿದ. ಆಮೇಲೆ, ಕೆಲಸದಲ್ಲಿ ಹೇಳುತ್ತಿದ್ದ ದನಿಯಲ್ಲಿ, ಆರು, ಎಂದ. ಅವ್ವ ಕೊನೆಯ ಬಾಟಲಿಯ ಸೀರೆ ಬಿಚ್ಚಿ ಮಡಿಚಿ ಬಗಲಿಗೆ ಸಿಕ್ಕಿಸಿಕೊಂಡಳು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ರ‍್ಯಾಕಿನವರೆಗೆ ಒಯ್ದು, ಅದನ್ನು ಮಲಗಿಸಿದಳು.